30 ಮೀಟರ್ ಒಂದೇ ನೆನಪಿಟ್ಟರೆ ಸಾಲದು

ಲೇಖನ ಚೆನ್ನಾಗಿದೆ. ಆದರೆ ಯುರೋಪಿನ ಎ2 (ಜನರ ಹತ್ತಿರ ಹಾರಿಸುವ ವಿಭಾಗ) ಡ್ರೋನ್ ಪರೀಕ್ಷೆಗೆ ಓದುವವರಿಗೆ "ಜನರಿಂದ 30 ಮೀಟರ್ ದೂರ ಇರಿ" ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ, ಅಷ್ಟು ಸಾಲದು. ಈ ದೂರ ಅಳೆಯುವುದು ನೆಲದ ಮೇಲೆ, ಡ್ರೋನ್‌ನ ನೇರ ಕೆಳಗಿನ ಜಾಗದಿಂದ ಆ ವ್ಯಕ್ತಿ ನಿಂತಿರುವ ಜಾಗದವರೆಗೆ. ಓರೆಯಾಗಿ ಅಲ್ಲ. ಜೊತೆಗೆ ಎಷ್ಟು ಎತ್ತರದಲ್ಲಿ ಹಾರಿಸುತ್ತೀರೋ ಕನಿಷ್ಠ ಅಷ್ಟು ದೂರ ಬಿಡಿ ಅನ್ನುವ 1:1 ಲೆಕ್ಕವೂ ಇದೆ. ಅದು ಸುಮ್ನೆ ಮಾಡಿದ್ದಲ್ಲ. 50 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗುತ್ತಿರುವಾಗ ಮೋಟಾರ್ ನಿಂತಿತು ಅಂದುಕೊಳ್ಳಿ, ನೆಲ ಮುಟ್ಟಲು ಮೂರು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು, ಅಷ್ಟರಲ್ಲಿ ಅದು ಸುಮಾರು 30 ಮೀಟರ್ ಮುಂದಕ್ಕೆ ಹೋಗಿರುತ್ತದೆ, ಹಿಂದಿನಿಂದ ಗಾಳಿ ಇದ್ದರೆ ಇನ್ನೂ ಮುಂದೆ. ಅಲ್ಲೇ ಯಾರಾದರೂ ನಿಂತಿದ್ದರೆ?

ಜನರಿಗೆ 5 ಮೀಟರ್‌ವರೆಗೆ ಹತ್ತಿರ ಹೋಗಬಹುದು ಅನ್ನುವುದೂ ಅರ್ಧ ಮಾತು. ಸಿ2 ಡ್ರೋನ್‌ನಲ್ಲಿ (ಸಿ2 ಅನ್ನುವುದು ಡ್ರೋನ್ ಮೇಲಿರುವ ವರ್ಗದ ಗುರುತು) ಕಡಿಮೆ ವೇಗದ ಮೋಡ್ ಆನ್ ಇರಬೇಕು, ಅಂದರೆ ಸೆಕೆಂಡಿಗೆ 3 ಮೀಟರ್ ಮೀರಬಾರದು. ಗಾಳಿ, ಮಳೆ, ಸುತ್ತಲಿನ ಜಾಗ ಎಲ್ಲ ನೋಡಿಯೇ ಅಷ್ಟು ಹತ್ತಿರ ಹೋಗಬೇಕು.

ಇನ್ನು ಎ3 ವಿಭಾಗದ (ಜನರಿಂದ ದೂರ ಹಾರಿಸುವುದು) 150 ಮೀಟರ್ ಇದೆಯಲ್ಲ, ಅದು ಮನೆ, ಅಂಗಡಿ, ಕಾರ್ಖಾನೆ ಮತ್ತು ಜನ ಆಟ, ವಿಹಾರಕ್ಕೆ ಸೇರುವ ಪ್ರದೇಶಗಳಿಂದ ಬಿಡಬೇಕಾದ ದೂರ. ಇದನ್ನು 30ರ ಜೊತೆ ಕಲಸಿಕೊಳ್ಳುವವರು ಬಹಳ. ಪ್ರಶ್ನೆಯಲ್ಲಿ ಮೊದಲು ವಿಭಾಗ ಯಾವುದು ನೋಡಿ, ಆಮೇಲೆ ಎತ್ತರ. ಸಾಧ್ಯವಾದರೆ ಒಂದು ಚಿತ್ರ ಬಿಡಿಸಿ ಲೇಖನಕ್ಕೆ ಸೇರಿಸಿ, ಓದುವವರಿಗೆ ತುಂಬಾ ಅನುಕೂಲ.