ದಯವಿಟ್ಟು ನೋಡಬೇಡಿ, ಈಗಲೇ ತೋರಿಸ್ತೀವಿ

ಅಮ್ಮನಿಗೆ ಈಗ 72 ವರ್ಷ. ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದೇವೆ. ರಾತ್ರಿ ಊಟ ಆದಮೇಲೆ ಮರುದಿನದ ಹುರುಳಿಕಾಯಿ ನಾರು ತೆಗೆಯುತ್ತಾ ಟಿವಿ ಮುಂದೆ ಕೂರುವುದು ಅವಳ ರೂಢಿ. ಮೊನ್ನೆ ಹಾಗೇ ಕೂತಿದ್ದಾಗ ಪರದೆ ತುಂಬ ಕೆಂಪು ಅಕ್ಷರ ಬಂತು: ‘ದುರ್ಬಲ ಹೃದಯದವರು ಈ ದೃಶ್ಯ ನೋಡಬೇಡಿ.’ ಅಮ್ಮ ಪಕ್ಕದಲ್ಲಿದ್ದ ಕನ್ನಡಕ ಎತ್ತಿ ಹಾಕಿಕೊಂಡಳು.

“ಅಮ್ಮ, ಅದು ನಿನಗೇ ಹೇಳ್ತಿರೋದು” ಅಂದೆ.

“ನಂದು ರಿಪೇರಿ ಆಗಿದೆ ಕಣೋ. ನಿಂದೇ ಇನ್ನೂ ಚೆಕ್ ಮಾಡಿಸಿಲ್ಲ. ಬೇಕಾದ್ರೆ ನೀನು ಒಳಗೆ ಹೋಗು.”

ಹೋಗಲಿಲ್ಲ. ನಾನೂ ಕೂತೆ.

ಯಾವುದೋ ಊರಿನ ಯಾವುದೋ ಗಲ್ಲಿಯ ಸಿಸಿಟಿವಿ. ಎಲ್ಲ ಮಸುಕು ಮಸುಕು. ಬೈಕಿನಿಂದ ಇಬ್ಬರು ಇಳಿದರು, ಒಬ್ಬ ಓಡಿದ. ಇಷ್ಟೇ ಆಗಿದ್ದರೆ ಬಸ್ಸು ಹಿಡಿಯಲು ಓಡುತ್ತಿದ್ದಾನೆ ಅಂದುಕೊಳ್ಳುತ್ತಿದ್ದೆವು. ವಾಹಿನಿಯವರು ಬಿಡಬೇಕಲ್ಲ! ಓಡುವವನ ಸುತ್ತ ಕೆಂಪು ಉಂಗುರ ಬಂತು. ಅಟ್ಟಿಸಿಕೊಂಡು ಬಂದವನ ಕೈಗೆ ಹಳದಿ ಬಾಣ. ಓಡುತ್ತಿದ್ದವನು ಕೆಳಗೆ ಬಿದ್ದಮೇಲೆ ಅಷ್ಟು ಜಾಗಕ್ಕೆ ಮಾತ್ರ ಚೌಕಳಿ ಚೌಕಳಿಯ ಬ್ಲರ್. ಆಮೇಲೆ ಅದೇ ದೃಶ್ಯ ನಿಧಾನವಾಗಿ. ಆಮೇಲೆ ಹಿಂದಕ್ಕೆ ಓಡಿಸಿ ಮತ್ತೆ ಮುಂದಕ್ಕೆ. ಹಿನ್ನೆಲೆಯಲ್ಲಿ ಢಂ ಢಂ ಅಂತ ನಗಾರಿ. “ವೀಕ್ಷಕರೇ, ನಮ್ಮ ಸಮಾಜ ಎತ್ತ ಸಾಗುತ್ತಿದೆ?” ಅಂತ ಆಂಕರ್ ಕೇಳಿದರು. ಸಮಾಜ ಎಲ್ಲೂ ಸಾಗಿರಲಿಲ್ಲ. ಬ್ರೇಕ್ ಮುಗಿಯಲಿ ಅಂತ ಅಲ್ಲೇ ಕೂತಿತ್ತು, ಹುರುಳಿಕಾಯಿ ಹಿಡಿದುಕೊಂಡು.

“ಆ ಉಂಗುರ ಹಾಕಿದ್ದು ಒಳ್ಳೇದಾಯ್ತು. ಇಲ್ದಿದ್ರೆ ನಂಗೇನೂ ಕಾಣ್ತಿರ್ಲಿಲ್ಲ” ಅಂದಳು ಅಮ್ಮ. ಅವಳ ತಕರಾರು ಇದ್ದದ್ದು ಬ್ಲರ್ ಬಗ್ಗೆ. ಏಟು ಬಿದ್ದದ್ದು ಕೈಗೋ ಕುತ್ತಿಗೆಗೋ? ಅಷ್ಟರಲ್ಲಿ ಅಕ್ಕನ ಫೋನ್ ಬಂತು. ಅವಳ ಮನೆಯಲ್ಲೂ ಅದೇ ಚಾನೆಲ್. ಅಮ್ಮನದು ಕುತ್ತಿಗೆ, ಅಕ್ಕನದು ಭುಜ. ಹತ್ತು ನಿಮಿಷ ವಾದ ನಡೆಯಿತು. ಮದುವೆಮನೆಯಲ್ಲಿ ಅಡುಗೆಯವರು ಒಂದೇ ಒಂದು ಪಾತ್ರೆಗೆ ಬಾಳೆಲೆ ಮುಚ್ಚಿಟ್ಟರೆ ಇಡೀ ಪಂಕ್ತಿಯ ಕಣ್ಣು ಅದರ ಮೇಲೆಯೇ ಇರುತ್ತದೆ, ಅಲ್ವಾ? ಬ್ಲರ್ ಮಾಡುವ ಕೆಲಸವೂ ಅದೇ. ಮುಚ್ಚಿದ ಹಾಗೂ ಆಯಿತು, ಒಳಗೇನೋ ಸ್ಪೆಷಲ್ ಇದೆ ಅಂತ ಹೇಳಿದ ಹಾಗೂ ಆಯಿತು.

2023ರ ಜನವರಿ 9ರಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಟಿವಿ ವಾಹಿನಿಗಳಿಗೆ ಒಂದು ಸಲಹಾಪತ್ರ ಕಳಿಸಿತ್ತು. ರಕ್ತ, ಶವ, ಏಟು ತಿನ್ನುವ ಮಕ್ಕಳ ಕಿರುಚಾಟ ಇವನ್ನೆಲ್ಲ ಹತ್ತಿರದಿಂದ, ಮತ್ತೆ ಮತ್ತೆ ತೋರಿಸಬೇಡಿ ಅಂತ. ಹೊಡೆಯುವುದಕ್ಕೆ ಸುತ್ತು ಹಾಕಿ ತೋರಿಸುವುದರಿಂದ ಅದು ಇನ್ನೂ ಭೀಕರವಾಗುತ್ತದೆ ಅನ್ನುವ ಮಾತೂ ಅದರಲ್ಲಿತ್ತು. ಅಂದರೆ, ಸುತ್ತು ಹಾಕಬೇಡಿ ಅಂತ ದೆಹಲಿಯಿಂದ ಒಂದು ಸುತ್ತೋಲೆ. ನಮ್ಮವರು ಅದನ್ನು ಗೌರವದಿಂದಲೇ ಓದಿರಬೇಕು. ಉಂಗುರದ ಜೊತೆಗೆ ಈಗ ಬಾಣವೂ ಇದೆ.

ಈ ಚಪಲ ಟಿವಿಯಿಂದ ಬಂದದ್ದಲ್ಲ, ಬಿಡಿ. ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಗ್ರೀಸಿನ ತತ್ವಜ್ಞಾನಿ ಪ್ಲೇಟೊ ಒಂದು ಕಥೆ ಹೇಳಿದ್ದಾನೆ. ಲಿಯಾಂಟಿಯಸ್ ಅನ್ನುವವನು ಬಂದರಿನ ಕಡೆಯಿಂದ ಅಥೆನ್ಸಿಗೆ ನಡೆದು ಬರುತ್ತಿದ್ದ. ಕೋಟೆಗೋಡೆಯ ಹೊರಗೆ ಮರಣದಂಡನೆ ಆದವರ ಹೆಣಗಳು ಬಿದ್ದಿದ್ದವು. ನೋಡಬೇಕು ಅಂತ ಆಸೆ, ಥೂ ಅಂತ ಅಸಹ್ಯ. ಮುಖ ಮುಚ್ಚಿಕೊಂಡು ಒಂದಷ್ಟು ಹೊತ್ತು ಒದ್ದಾಡಿದ. ಕೊನೆಗೆ ಸೋತು, ಕಣ್ಣು ಅಗಲಿಸಿಕೊಂಡು ಹೆಣಗಳ ಹತ್ತಿರ ಓಡಿ ತನ್ನ ಕಣ್ಣುಗಳನ್ನೇ ಬೈದನಂತೆ: ತಗೊಳ್ಳಿ ದರಿದ್ರಗಳೇ, ಎಂಥಾ ಚೆಂದದ ನೋಟ, ಹೊಟ್ಟೆ ತುಂಬ ನೋಡಿ! ಅವನಿಗೆ ತನ್ನನ್ನು ತಾನೇ ಬೈದುಕೊಳ್ಳುವ ಕಷ್ಟವೂ ಇತ್ತು. ನಮಗೆ ಅದೂ ಇಲ್ಲ. ಆ ಕೆಲಸವನ್ನು ಆಂಕರ್ ಗುತ್ತಿಗೆ ತೆಗೆದುಕೊಂಡಿದ್ದಾರೆ. ಅವರು ಸಮಾಜವನ್ನು ಬೈಯುತ್ತಾರೆ, ನಾವು ನೋಡುತ್ತೇವೆ.

ಅಮೆರಿಕದಲ್ಲಿ ಜಾರ್ಜ್ ಗರ್ಬ್ನರ್ ಅನ್ನುವ ವಿದ್ವಾಂಸರು 1960ರ ದಶಕದ ಕೊನೆಯಿಂದ ಟಿವಿಯಲ್ಲಿನ ಹೊಡೆದಾಟಗಳನ್ನು ಎಣಿಸುತ್ತಾ ಕೂತಿದ್ದರು. ಟಿವಿ ನೋಡಿದವರೆಲ್ಲ ಚಾಕು ಹಿಡಿಯುತ್ತಾರೆ ಅನ್ನುವುದು ಅವರ ಚಿಂತೆ ಆಗಿರಲಿಲ್ಲ. ಜಾಸ್ತಿ ನೋಡುವವರಿಗೆ ಹೊರಗಿನ ಜಗತ್ತು ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ, ಹೆದರಿಕೆ ಹೆಚ್ಚುತ್ತದೆ ಅಂದರು. ನಮ್ಮ ಮನೆಗೆ ಬಂದಿದ್ದರೆ ಅವರಿಗೆ ಅಷ್ಟೊಂದು ಎಣಿಸುವ ಕಷ್ಟ ಇರುತ್ತಿರಲಿಲ್ಲ. ಬಾಗಿಲಿಗೆ ಮೇಲೊಂದು ಚಿಲಕ, ಕೆಳಗೊಂದು ಚಿಲಕ, ನಡುವೆ ಸರಪಳಿ. ಹದಿನೆಂಟು ವರ್ಷದಿಂದ ಹಾಲು ಹಾಕುವವನನ್ನು ಅಮ್ಮ ಈಗ ಕಿಟಕಿಯಿಂದ ವಿಚಾರಣೆ ಮಾಡುತ್ತಾಳೆ. ಕೊಲೆಗಾರರು ಬಾಗಿಲಿನಿಂದ ಬರಕೂಡದು. 43 ಇಂಚಿನಲ್ಲಿ ಬಂದರೆ ತೊಂದರೆ ಇಲ್ಲ.

ಭಾನುವಾರ ಅಕ್ಕನ ಮಗನನ್ನು ಸಿನಿಮಾಕ್ಕೆ ಕರೆದುಕೊಂಡು ಹೋದೆ. ಅವನಿಗೆ ಒಂಬತ್ತು ವರ್ಷ, ಸಿನಿಮಾಕ್ಕೆ ‘ಯುಎ 13+’. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ತಂದು ಯುಎಯನ್ನು 7, 13, 16 ಅಂತ ಮೂರು ಪಾಲು ಮಾಡಿದ್ದಾರೆ. ಆ ವಯಸ್ಸಿಗಿಂತ ಚಿಕ್ಕವರು ಬರಲೇಬಾರದು ಅಂತಲ್ಲ. ಮನೆಯ ದೊಡ್ಡವರ ಮಾರ್ಗದರ್ಶನ ಬೇಕು ಅಂತ. ಆ ಕತ್ತಲಲ್ಲಿ ಎರಡೂವರೆ ಗಂಟೆ ನಾನು ಕೊಟ್ಟ ಮಾರ್ಗದರ್ಶನವನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ. “ಮೆಟ್ಟಿಲು ನೋಡ್ಕೊಂಡು ಬಾ.” “ಪಾಪ್‌ಕಾರ್ನ್ ಚೆಲ್ಬೇಡ.” “ಮುಂದಿನ ಸೀಟಿಗೆ ಒದೀಬೇಡ.” ಕೊನೆಯದನ್ನು ಬೇಕಿದ್ದರೆ ಅಹಿಂಸೆಯ ಖಾತೆಗೆ ಹಾಕಿಕೊಳ್ಳಬಹುದು.

ಹೀರೊ ಬೀಡಿ ಹಚ್ಚಿದ. ಮೂಲೆಯಲ್ಲಿ ಅಕ್ಷರ ಬಂತು: ‘ಧೂಮಪಾನ ಆರೋಗ್ಯಕ್ಕೆ ಹಾನಿಕರ.’ ಅದೇ ಬೀಡಿಯನ್ನು ಪೆಟ್ರೋಲಿನ ಮೇಲೆ ಎಸೆದು ಎಂಟು ಜನರನ್ನು ಸುಟ್ಟ. ಅಕ್ಷರ ಇನ್ನೂ ಅಲ್ಲೇ ಇತ್ತು. ಆ ಎಂಟು ಜನರ ಮಟ್ಟಿಗೆ ಅದು ನಿಜವೂ ಹೌದು.

ಸಿನಿಮಾ ಶುರುವಿಗೆ ಮುಂಚೆ ಮತ್ತು ಇಂಟರ್ವಲ್ ಆದಮೇಲೆ ತಂಬಾಕಿನ ಜಾಹೀರಾತು, ಬೀಡಿ ಸಿಗರೇಟು ಕಂಡಾಗಲೆಲ್ಲ ಕೆಳಗೊಂದು ಎಚ್ಚರಿಕೆ, ಇದು 2012ರ ಅಕ್ಟೋಬರ್ 2ರಿಂದ ಜಾರಿಯಾದ ನಿಯಮ. ಗಾಂಧಿ ಜಯಂತಿ. ವಿಶ್ವಸಂಸ್ಥೆ 2007ರಿಂದ ಅಹಿಂಸಾ ದಿನ ಅಂತ ಆಚರಿಸುವುದೂ ಅದೇ ದಿನವನ್ನು. ಹೀಗೆ ಅಹಿಂಸೆಯ ದಿನ ಶ್ವಾಸಕೋಶಕ್ಕೆ ನ್ಯಾಯ ಸಿಕ್ಕಿತು. ಕುತ್ತಿಗೆ, ಕೈ, ಕಾಲು ಇನ್ನೂ ಅರ್ಜಿ ಹಿಡಿದು ಸಾಲಿನಲ್ಲಿ ನಿಂತಿವೆ. ಹಾಗಂತ ‘ಕೊಲೆ ಆರೋಗ್ಯಕ್ಕೆ ಹಾನಿಕರ’ ಅಂತಲೂ ಹಾಕಿ ಅನ್ನುತ್ತಿಲ್ಲ ಮಾರಾಯ್ರೆ. ಹಾಕಿದರೆ ಜನ ಅಕ್ಷರದ ಸಂದಿಯಿಂದ ಇಣುಕುತ್ತಾರೆ.

ಸೆನ್ಸಾರ್ ಮಂಡಳಿಗೆ 1991ರಲ್ಲಿ ಕೊಟ್ಟ ಮಾರ್ಗಸೂಚಿ ಇದೆ. ಅರ್ಥವಿಲ್ಲದ, ತಪ್ಪಿಸಬಹುದಾದ ಹಿಂಸೆ ತೋರಿಸಬಾರದು ಅನ್ನುತ್ತದೆ ಅದು. ಒಳ್ಳೆಯ ಮಾತೇ. ಆದರೆ ನಮ್ಮ ಕಥೆಗಾರರು ಅದರಿಂದ ಕಲಿತ ಪಾಠ ಬೇರೆ. ಹಿಂಸೆಗೆ ಅರ್ಥ ಇರಬೇಕಾ, ಸರಿ, ಒಂದು ತಂಗಿಯನ್ನು ತಂದರೆ ಆಯಿತು. ತಂಗಿ ಮೊದಲ ಅರ್ಧದಲ್ಲಿ ನಗಬೇಕು, ರಾಖಿ ಕಟ್ಟಬೇಕು, ಇಂಟರ್ವಲ್ ಹೊತ್ತಿಗೆ ಅವಳಿಗೆ ಏನಾದರೂ ಆಗಬೇಕು. ಸೆರಗು ಎಳೆದರೆ ಇಷ್ಟು ತಲೆ, ಕೊಂದರೆ ಇಷ್ಟು ತಲೆ ಅಂತ ಒಂದು ದರಪಟ್ಟಿ. ಅವಳ ಗೋಳೇ ಹೀರೊನ ಮಚ್ಚಿಗೆ ಲೈಸೆನ್ಸ್. ಅವಳಿಗಿರುವ ಡೈಲಾಗು ಮಾತ್ರ ಒಂದೇ: “ಅಣ್ಣಾ...”

ಕ್ಲೈಮ್ಯಾಕ್ಸಿನಲ್ಲಿ ಹುಡುಗ ಎಣಿಸುತ್ತಿದ್ದ. ಮೂವತ್ನಾಲ್ಕು ಜನ. ಒಬ್ಬನಿಗೂ ಹೆಸರಿಲ್ಲ. “ಮಾಮ, ಇವ್ರಿಗೆಲ್ಲ ಸಂಬಳ ಎಷ್ಟು?” ಅಂತ ಕೇಳಿದ. “ಸುಮ್ನೆ ನೋಡು” ಅಂದೆ. ಇದನ್ನೂ ಮಾರ್ಗದರ್ಶನದ ಪಟ್ಟಿಗೆ ಸೇರಿಸಿಕೊಳ್ಳಿ. ಆದರೆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಹೀರೊಗೆ ಒಬ್ಬಳು ತಾಯಿ ಇರುತ್ತಾಳೆ, ಅವಳಿಗೊಂದು ಹಾಡೂ ಇರುತ್ತದೆ. ಈ ಮೂವತ್ನಾಲ್ಕು ಜನ ಎಲ್ಲಿಂದ ಬಂದರು? ಕಪ್ಪು ಟೀ ಶರ್ಟು ಹಾಕಿಕೊಂಡು ಜೀಪಿನಲ್ಲೇ ಹುಟ್ಟಿದರಾ?

ನಾನು ರಕ್ತ ಕಂಡರೆ ಮೂರ್ಛೆ ಹೋಗುವ ಪೈಕಿ ಅಲ್ಲ. ಕುಮಾರವ್ಯಾಸನ ಭೀಮ ದುಶ್ಶಾಸನನ ಎದೆ ಸೀಳಿ ರಕ್ತ ಕುಡಿಯುವುದನ್ನು ಗಮಕದಲ್ಲಿ ಕೇಳಿ ಬೆಳೆದವರು ನಾವು. ನಾಟ್ಯಶಾಸ್ತ್ರ ಬರೆದ ಭರತಮುನಿ ಮಾತ್ರ ಸ್ವಲ್ಪ ಬಿಗಿ. ಯುದ್ಧ, ಸಾವು ಇವನ್ನು ರಂಗದ ಮೇಲೆ ನೇರವಾಗಿ ತೋರಿಸಬೇಡಿ, ಪ್ರವೇಶಕದಲ್ಲಿ, ಅಂದರೆ ಅಂಕಗಳ ನಡುವಿನ ಸಣ್ಣ ದೃಶ್ಯದಲ್ಲಿ, ಯಾರಾದರೂ ಬಂದು ಹೇಳಲಿ ಅಂದ. ನಮ್ಮ ಕಾಲದಲ್ಲಿ ಆ ಪ್ರವೇಶಕದವರು ಮೈಕು ಹಿಡಿದು ‘ಸ್ಥಳದಿಂದ ನೇರ ಪ್ರಸಾರ’ ಅಂತ ಹೆಣದ ಪಕ್ಕದಲ್ಲೇ ನಿಂತಿರುತ್ತಾರೆ ಅಂತ ಪಾಪ ಅವನಿಗೆ ಹೇಗೆ ಗೊತ್ತಾಗಬೇಕು? ಇನ್ನು ಹತ್ತನೇ ಶತಮಾನದ ನಮ್ಮ ರನ್ನ. ಅವನ ದುರ್ಯೋಧನ ಹೆಣಗಳ ನಡುವೆ ನಡೆಯುತ್ತಾನೆ. ತಮ್ಮನ ಹೆಣದ ಮುಂದೆ ನಿಂತು ಒಂದೇ ತಾಯಿಯ ಎದೆಹಾಲು ಕುಡಿದದ್ದನ್ನು ನೆನೆದು ಅಳುತ್ತಾನೆ. ಅಭಿಮನ್ಯುವಿನ ಹೆಣ ಕಂಡು, ಇಂಥ ಸಾವು ನನಗೂ ಬರಲಿ ಅನ್ನುತ್ತಾನೆ. ಶತ್ರುವಿನ ಮಗ! ಇದನ್ನು ಇವತ್ತಿನ ಪ್ರೊಡ್ಯೂಸರ್ ಮುಂದೆ ಹೇಳಿ ನೋಡಿ. “ಲ್ಯಾಗ್ ಆಗುತ್ತೆ ಸಾರ್” ಅನ್ನುತ್ತಾರೆ.

ಕೋಳಿಯ ವಿಷಯದಲ್ಲಿ ಮಾತ್ರ ನಾವು ಬಹಳ ಕಟ್ಟುನಿಟ್ಟು. ಸಿನಿಮಾದಲ್ಲಿ ಪ್ರಾಣಿ ಬಳಸಬೇಕಾದರೆ 2001ರ ನಿಯಮದ ಪ್ರಕಾರ ಮೊದಲೇ ತಿಳಿಸಬೇಕು. ಪಶುವೈದ್ಯರು ಫಿಟ್ ಅಂತ ಬರೆದುಕೊಡಬೇಕು. ಹರಿಯಾಣದ ಬಲ್ಲಭಗಢದಲ್ಲಿರುವ ಪ್ರಾಣಿ ಕಲ್ಯಾಣ ಮಂಡಳಿಯಿಂದ ಪತ್ರ ಬೇಕು. ಹೀಗೆ ಇರಬೇಕಾದ್ದೇ, ಅದರಲ್ಲಿ ನಗುವಂಥದ್ದೇನಿಲ್ಲ. ಆದರೆ 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದ ಮೇಲೆ ಹೆಲಿಕಾಪ್ಟರಿನಿಂದ ಇಬ್ಬರು ಖಳನಟರು ಸಿನಿಮಾ ಶೂಟಿಂಗಿಗಾಗಿ ನೀರಿಗೆ ಹಾರಿದರಲ್ಲ, ಅವರಿಗೆ ಲೈಫ್ ಜಾಕೆಟ್ ಇರಲಿಲ್ಲ. ಇಬ್ಬರೂ ಮುಳುಗಿ ಸತ್ತರು. ಅವರು ಕೈ ಬಡಿಯುತ್ತಾ ಮುಳುಗಿದ್ದನ್ನು ವಾಹಿನಿಗಳು ಎಷ್ಟು ಸಲ ತಿರುಗಿಸಿ ತಿರುಗಿಸಿ ತೋರಿಸಿದವು ಅಂತ ಆ ವಾರ ಟಿವಿ ನೋಡಿದವರಿಗೆಲ್ಲ ನೆನಪಿದೆ.

ಇನ್ನು ಮಚ್ಚಿನ ತತ್ವಶಾಸ್ತ್ರ. 2025ರ ಮಾರ್ಚ್‌ನಲ್ಲಿ ರಿಯಾಲಿಟಿ ಷೋದಿಂದ ಹೆಸರಾದ ಇಬ್ಬರು ಬೆಂಗಳೂರಿನಲ್ಲಿ ಮಚ್ಚು ಹಿಡಿದು ಕೆಲವೇ ಸೆಕೆಂಡಿನ ರೀಲ್ಸ್ ಮಾಡಿದರು. ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸಾಗಿ ಬಂಧನವೂ ಆಯಿತು. ಅದು ಫೈಬರ್ ಮಚ್ಚು ಅಂತ ಹೇಳಿ ಒಂದನ್ನು ಠಾಣೆಗೆ ಒಪ್ಪಿಸಿದರು. ವಿಡಿಯೋದಲ್ಲಿರುವುದು ಇದಲ್ಲ ಅನ್ನುವ ಅನುಮಾನ ಪೊಲೀಸರಿಗೆ ಬಂತು. ಪ್ಲೇಟೊ ಜೀವಮಾನವಿಡೀ ತಲೆ ಕೆಡಿಸಿಕೊಂಡ ಪ್ರಶ್ನೆ, ನಿಜ ಯಾವುದು, ನಿಜದ ನಕಲು ಯಾವುದು ಅನ್ನುವುದು, ಹೀಗೆ ಪೊಲೀಸ್ ಠಾಣೆಯ ಮೇಜಿನ ಮೇಲೆ ಬಂದು ಕೂತಿತು. ಎರಡೂವರೆ ಗಂಟೆ ಬೀಸಿದರೆ ಅದಕ್ಕೆ ಸರ್ಟಿಫಿಕೇಟ್, ಕೆಲವು ಸೆಕೆಂಡು ಬೀಸಿದರೆ ಎಫ್ಐಆರ್. ರೀಲ್ಸ್ ಮಾಡುವವರು ಉದ್ದ ಹೆಚ್ಚಿಸುವುದು ಒಳ್ಳೆಯದು.

ಈ ಸುದ್ದಿ ನನ್ನ ತಲೆಯಲ್ಲಿ ಕೂತು ಒಂದು ಫಜೀತಿ ಆಯಿತು. ಅಕ್ಕನ ಮಗನಿಗೆ ಶಾಲೆಯ ವಾರ್ಷಿಕೋತ್ಸವದಲ್ಲಿ ಸಂಗೊಳ್ಳಿ ರಾಯಣ್ಣನ ಪಾರ್ಟು. ಥರ್ಮಾಕೋಲಿನಲ್ಲಿ ಕತ್ತಿ ಮಾಡಿಕೊಡುವ ಕೆಲಸ ಮಾಮನದು. ಕತ್ತರಿಸಿ, ಬೆಳ್ಳಿ ಬಣ್ಣದ ಕಾಗದ ಅಂಟಿಸಿ ನೋಡಿದರೆ ಅದು ರಾಯಣ್ಣನ ಕತ್ತಿಯ ಹಾಗಿರಲಿಲ್ಲ. ತುದಿ ಸ್ವಲ್ಪ ಬಾಗಿ, ಹೊಟ್ಟೆ ದಪ್ಪವಾಗಿ, ಥೇಟ್ ಲಾಂಗು. ಕತ್ತಿ ಅಂದರೆ ದೇಶಭಕ್ತಿ, ಲಾಂಗು ಅಂದರೆ ರೌಡಿ ಶೀಟು. ಇವೆರಡರ ನಡುವೆ ಇರುವುದು ನನ್ನ ಕತ್ತರಿಯ ಅರ್ಧ ಇಂಚು. ಅಕ್ಕನ ಮನೆಗೆ ಬಿಎಂಟಿಸಿಯಲ್ಲೇ ಹೋಗಬೇಕು. ಯಾರಾದರೂ ವಿಡಿಯೋ ಮಾಡಿ ಕೆಂಪು ಉಂಗುರ ಹಾಕಿಬಿಟ್ಟರೆ? ಅಮ್ಮ ಹಳೇ ನ್ಯೂಸ್‌ಪೇಪರ್ ಕೊಟ್ಟಳು. ಎರಡು ಸುತ್ತು ಸುತ್ತಿ, ದಾರ ಕಟ್ಟಿ, ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಕಿಟಕಿ ಪಕ್ಕ ಕೂತೆ.

ಎರಡು ಸ್ಟಾಪ್ ಆದಮೇಲೆ ಪಕ್ಕದ ಸೀಟಿನ ಹಿರಿಯರು ನನ್ನ ತೊಡೆಯ ಕಡೆಗೆ ಬಾಗತೊಡಗಿದರು. ನನಗೆ ಬೆವರು. ಕಟ್ಟನ್ನು ಇನ್ನಷ್ಟು ಒತ್ತಿ ಹಿಡಿದೆ. ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು.

“ಸ್ವಲ್ಪ ಆ ಕಡೆ ತಿರುಗಿಸ್ತೀರಾ ಸಾರ್? ಕೊಲೆ ಸುದ್ದಿ ಅರ್ಧ ಒಳಗೆ ಮಡಚಿಹೋಗಿದೆ.”