ಹಿಟ್ಟು ನಾದಲು ಇಟಲಿಗೆ

ನೇಪಲ್ಸ್‌ಗೆ ಹೋದವರು ಪಿಜ್ಜಾ ತಿಂದು ಬರಬೇಕು, ಒಪ್ಪಿದೆ. ಕೈಯಿಂದ ದುಡ್ಡು ಕೊಟ್ಟು ಹಿಟ್ಟನ್ನೂ ನಾದಿ ಬರಬೇಕು ಅಂತ ಯಾವ ಶಾಸ್ತ್ರದಲ್ಲೂ ಹೇಳಿಲ್ಲ. ಆದರೆ ನನ್ನ ಹೆಂಡತಿ ಬೆಂಗಳೂರಿನಲ್ಲಿ ಕೂತೇ ಮೂವರಿಗೂ ಪಿಜ್ಜಾ ಕ್ಲಾಸು ಬುಕ್ ಮಾಡಿಬಿಟ್ಟಿದ್ದಳು. ಸುದ್ದಿ ತಿಳಿದ ಅವ್ವ, "ರೊಕ್ಕಾ ಕೊಟ್ಟು ಹಿಟ್ಟು ನಾದೂದಾ? ಮನ್ಯಾಗ ಪುಕ್ಕಟ ನಾದಸ್ತಿದ್ನೆಲ್ಲೋ ತಮ್ಮಾ," ಅಂದಳು.

ಹಳೇ ಊರಿನ ತ್ರಿಬುನಾಲಿ ಬೀದಿಯ ಪಕ್ಕದ ಸಂದಿಯೊಂದರಲ್ಲಿ ಕ್ಲಾಸು. ನೇಪಲ್ಸಿನ ಪಿಜ್ಜಾ ಬಾಣಸಿಗರ ಕಲೆಗೆ 2017ರಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಿದೆ. ಆ ಮನ್ನಣೆಯಷ್ಟೂ ನಮ್ಮ ಗುರುಗಳ ಮುಖದ ಮೇಲೇ ಇತ್ತು. ಮೊದಲ ಅರ್ಧ ಗಂಟೆ ಹಿಟ್ಟು, ನೀರು, ಉಪ್ಪು, ಈಸ್ಟ್ ಕಲೆಸಿ ನಾದಿಸಿದರು. ಬೆವರು ಒರೆಸಿಕೊಂಡು ಮುಂದೇನು ಅಂತ ನೋಡಿದರೆ, ನಮ್ಮ ಹಿಟ್ಟನ್ನೆಲ್ಲ ಎತ್ತಿ ಒಳಗಿಟ್ಟು ಬೇರೆ ಉಂಡೆಗಳನ್ನು ತಂದರು. ಹಿಟ್ಟು ಕನಿಷ್ಠ ಎಂಟು ಗಂಟೆಯಾದರೂ ಹುದುಗಬೇಕಂತೆ. ಅಂದರೆ ನಮ್ಮ ಮುಂದಿರುವುದು ನಿನ್ನೆ ಯಾರೋ ನಾದಿದ್ದು, ನಾವು ನಾದಿದ್ದು ನಾಳೆ ಬರುವವರಿಗೆ. ಕೂಲಿಯವರೇ ಫೀಸು ಕಟ್ಟುವ ಇಂಥ ಅಚ್ಚುಕಟ್ಟಾದ ವ್ಯವಹಾರವನ್ನು ನಾನು ಬೇರೆಲ್ಲೂ ನೋಡಿಲ್ಲ.

ಹೆಂಡತಿ ಲಟ್ಟಣಿಗೆ ಎಲ್ಲಿ ಅಂತ ಎರಡೂ ಕೈ ಉರುಳಿಸಿ ತೋರಿಸಿದಳು. ಗುರುಗಳು ಎದೆ ಮೇಲೆ ಕೈಯಿಟ್ಟುಕೊಂಡರು. ಲಟ್ಟಿಸಿದರೆ ಒಳಗಿನ ಗಾಳಿಯೆಲ್ಲ ಹೊರಟುಹೋಗುತ್ತದೆ, ಬೆರಳಲ್ಲೇ ಒತ್ತಬೇಕು, ಅಂಗೈಯಿಂದ ಅಂಗೈಗೆ ಬಡಿಯಬೇಕು. ಬಡಿಯಬೇಕು ಅಂದದ್ದೇ ತಡ, ಅವ್ವ ಸೆರಗು ಸಿಕ್ಕಿಸಿಕೊಂಡಳು. ವಿಜಯಪುರದ ಕಡೆ ಐವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈ ಅದು. ಪಟಪಟನೆ ತಿರುವಿ, ಕೈವಾರ ಇಟ್ಟು ಎಳೆದ ಹಾಗೆ ದುಂಡಗೆ ಮಾಡಿಟ್ಟಳು. ಎಲ್ಲರೂ ಚಪ್ಪಾಳೆ ಹೊಡೆದರು, ಗುರುಗಳೊಬ್ಬರನ್ನು ಬಿಟ್ಟು.

ತಕರಾರು ಅಂಚಿನದು. ನೇಪಲ್ಸಿನ ಪಿಜ್ಜಾಕ್ಕೆ ಸುತ್ತಲೂ ಒಂದೆರಡು ಸೆಂಟಿಮೀಟರಿನ ಉಬ್ಬಿದ ಅಂಚು ಇರಲೇಬೇಕು. ಅವ್ವನದು ನಡುವಿನಿಂದ ತುದಿಯವರೆಗೂ ಒಂದೇ ತೆಳು. "ಅಂಚು ದಪ್ಪ ಬಿಟ್ರ ನಮ್ಮತ್ತಿ ರೊಟ್ಟಿ ತಿರುಗಿ ನನ್ನ ಮುಂದ ಒಗೀತಿದ್ಲು. ಇವಂಗ ಯಾರು ಕಲಿಸ್ಯಾರ?" ಅಂದಳು. ಅದನ್ನು ಇಂಗ್ಲಿಷಿಗೆ ತರುವ ಧೈರ್ಯ ನನಗಾಗಲಿಲ್ಲ. ಗುರುಗಳು ಐದೂ ಬೆರಳು ಕೂಡಿಸಿ, ಮುಖದ ಮುಂದೆ ಮೇಲೆ ಕೆಳಗೆ ಅಲ್ಲಾಡಿಸಿದರು. ಇಟಲಿಯಲ್ಲಿ ಅದರ ಅರ್ಥ, ಏನಮ್ಮ ನಿನ್ನ ಗೋಳು ಅಂತ. ಅವ್ವ ಮೆತ್ತಗಾದಳು. "ಪಾಪ, ಉಂಡ್ರೇನು ಅಂತ ಕೇಳಾಕತ್ತಾನ. ಇನ್ನೂ ಇಲ್ಲಪಾ, ನೀ ಮಾಡಿಕೊಟ್ರ ಉಣ್ಣೂದು."

ಮುಂದಿನದು ಮೇಲೆ ಹಾಕುವ ಸಾಮಾನು. ಗುರುಗಳು 1889ರಲ್ಲಿ ಇಟಲಿಯ ರಾಣಿ ಮಾರ್ಗೆರಿಟಾಳಿಗೆ ಚೀಸಿನ ಪಿಜ್ಜಾ ಮಾಡಿಕೊಟ್ಟು, ಅದಕ್ಕೆ ಅವಳ ಹೆಸರೇ ಬಿದ್ದ ಕತೆ ಹೇಳಿದರು. ಇತಿಹಾಸಕಾರರು ಅದನ್ನು ಅಷ್ಟಾಗಿ ನಂಬುವುದಿಲ್ಲ, ಆದರೆ ಒಲೆಯ ಪಕ್ಕ ನಿಂತು ಕೇಳಿದರೆ ನಂಬಿಕೆ ಬರುತ್ತದೆ. ಅಷ್ಟರಲ್ಲಿ ನನ್ನ ಹೆಂಡತಿ, ಇಲ್ಲಿಯ ಚೀಸಿನಲ್ಲಿ ಹಾಲು ಒಡೆಸುವುದಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ ಅಂತ ಅತ್ತೆಯ ಕಿವಿಯಲ್ಲಿ ಊದಿದಳು. "ರಾಣಿದು ರಾಣಿಗೇ ಇರ್ಲಿ," ಅಂದು ಅವ್ವ ಬಟ್ಟಲು ಆಚೆ ತಳ್ಳಿದಳು. ಟೊಮೆಟೊ, ಬಳ್ಳೊಳ್ಳಿ, ಒರಿಗಾನೊ, ಆಲಿವ್ ಎಣ್ಣೆ ಅಷ್ಟೇ ಸಾಕಂತೆ. ಗುರುಗಳ ಮುಖ ಅರಳಿತು. ಅದು ಮರಿನಾರಾ, ಮಾರ್ಗೆರಿಟಾಗಿಂತ ಹಳೆಯದು! ಅಂಚಿನ ಜಗಳ ಅಲ್ಲಿಗೇ ಮುಗಿಯಿತು.

ನನ್ನದನ್ನು ಕೇಳಬೇಡಿ. ಸಾಸು, ಚೀಸು ಎಲ್ಲ ಹಾಕಿ ಉದ್ದ ಹಿಡಿಯ ಸಲಿಕೆ ಮೇಲೆ ಇಟ್ಟಾಗಿತ್ತು. "ಒಂದ್ನಿಮಿಷ ಇರ್ರೀ, ಬೆಳಕು ಸರಿಯಿಲ್ಲ," ಅಂತ ಹೆಂಡತಿ ಫೋಟೊಕ್ಕೆ ನಿಂತಳು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ನಗುತ್ತಾ. ಅಷ್ಟರಲ್ಲಿ ಸಾಸಿನ ನೀರು ಇಳಿದು ಹಿಟ್ಟು ಸಲಿಕೆಗೆ ಅಂಟಿ ಕೂತಿದೆ. ಒಲೆಯೊಳಗೆ 450 ಡಿಗ್ರಿ ಆಸುಪಾಸಿನ ಶಾಖ, ಒಂದೂವರೆ ನಿಮಿಷದಲ್ಲಿ ಪಿಜ್ಜಾ ಬೇಯುವ ಜಾಗ. ಮುಖ ಸುಟ್ಟುಕೊಳ್ಳದೆ ಸಲಿಕೆ ಜಾಡಿಸಿದೆ. ಚೀಸು, ತುಳಸಿಯ ಜಾತಿಯ ಆ ಎಲೆ, ಅರ್ಧ ಟೊಮೆಟೊ ಒಲೆಗೆ ಹಾರಿದವು. ಹಿಟ್ಟು ಸಲಿಕೆ ಬಿಟ್ಟು ಕದಲಲಿಲ್ಲ. ಹೊಗೆ ಎದ್ದಿತು, ಕ್ಲಾಸು ಕೆಮ್ಮಿತು.

ಗುರುಗಳು ಒಂದು ಮಾತೂ ಆಡದೆ ಸಲಿಕೆ ಕಸಿದುಕೊಂಡರು. ಹಿಟ್ಟನ್ನು ಕೆರೆದೆಬ್ಬಿಸಿ, ಉಳಿದದ್ದನ್ನು ಒಳಗೆ ಹಾಕಿ, ಅರ್ಧಕ್ಕೆ ಮಡಚಿ, ಅಂಚು ಒತ್ತಿ, ಒಲೆಗೆ ತಳ್ಳಿ, "ಕಾಲ್ಜೋನೆ!" ಎಂದು ಘೋಷಿಸಿದರು. ಉಬ್ಬಿ ಹೊಂಬಣ್ಣಕ್ಕೆ ತಿರುಗಿ ಹೊರಬಂದದ್ದನ್ನು ಅವ್ವ ಸುತ್ತಲೂ ನೋಡಿದಳು. "ಕಡಬು ಮಾಡ್ಯಾನ. ಹೂರಣ ಕಡಿಮಿ ಆಗೇತಿ."

ಎದುರಿನ ಮೇಜಿನ ಜರ್ಮನ್ ದಂಪತಿ ಮಾತ್ರ ಬಹಳ ನೊಂದುಕೊಂಡರು. ಅಷ್ಟೇ ಫೀಸು ಕೊಟ್ಟಿದ್ದರೂ ತಮಗೆ ಕಾಲ್ಜೋನೆ ಕಲಿಸಲಿಲ್ಲವೇಕೆ ಅಂತ ಗುರುಗಳನ್ನು ತಡೆದು ಕೇಳಿದರು. ಗುರುಗಳು ಮತ್ತೆ ಐದು ಬೆರಳು ಕೂಡಿಸಿದರು.

"ಅವರಿಗೂ ಉಣ್ಣಾಕ ಕರ್ಯಾಕತ್ತಾನ ನೋಡು," ಅಂದಳು ಅವ್ವ, ಮರಿನಾರಾ ಮುರಿಯುತ್ತ.