ಮನೆಯಲ್ಲಿ ಕೂತವರಿಗೆ ಶೇ. 80 ಸಂಬಳ: ಬ್ರಿಟನ್ನಿನ ಫರ್ಲೋ ಸರಿಯಿತ್ತಾ?

ಕೊರೊನಾ ಬಂದಾಗ ಬ್ರಿಟನ್ ಸರ್ಕಾರ ಬಾಗಿಲು ಮುಚ್ಚಿದ ಹೋಟೆಲ್, ಅಂಗಡಿ, ಕಾರ್ಖಾನೆಗಳ ನೌಕರರಿಗೆ ಸಂಬಳದ ಬಹುಪಾಲನ್ನು ತಾನೇ ಕೊಟ್ಟಿತು. ಅದನ್ನೇ ಅಲ್ಲಿ ಫರ್ಲೋ ಅಂದರು. 2020ರ ಮಾರ್ಚ್‌ನಲ್ಲಿ ಶುರುವಾದದ್ದು 2021ರ ಸೆಪ್ಟೆಂಬರ್ 30ಕ್ಕೆ ನಿಂತಿತು. 1 ಕೋಟಿ 17 ಲಕ್ಷ ಕೆಲಸಗಳಿಗೆ ಸುಮಾರು 7,000 ಕೋಟಿ ಪೌಂಡ್ ಖರ್ಚಾಯಿತು. ಅದು ಸರಿಯಾದ ದಾರಿಯೇ ಅಂತ ಅಲ್ಲಿ ಇವತ್ತಿಗೂ ಜಗಳವಿದೆ. ಇಂಗ್ಲೆಂಡಿನ ಲೆಸ್ಟರ್ ಊರಿನಲ್ಲಿ ಆ ದಿನಗಳನ್ನು ಕಳೆದ ಇಬ್ಬರು ಕನ್ನಡಿಗರ ಮಾತು ಇಲ್ಲಿದೆ. ಒಬ್ಬರು ಹೋಟೆಲಿನ ಅಡುಗೆಯವರು, ಇನ್ನೊಬ್ಬರು ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮ್‌ನಲ್ಲಿ ದುಡಿಯುವವರು.

ಪರ: ಆ ದುಡ್ಡು ಬರದಿದ್ದರೆ ನಾವು ಊರಿನ ದಾರಿ ಹಿಡಿಯಬೇಕಿತ್ತು

ನಮ್ಮ ಕಡೆ ಫರ್ಲೋ ಅಂದರೆ ಜೈಲಿನಲ್ಲಿರುವ ಕೈದಿಗೆ ಸಿಗುವ ರಜೆ. ಹಾಗಾಗಿ ಯಜಮಾನರು ಫೋನ್ ಮಾಡಿ "ನಿನ್ನನ್ನು ಫರ್ಲೋಗೆ ಹಾಕ್ತಾ ಇದ್ದೇನೆ ಮಾರಾಯಾ" ಅಂದಾಗ ಎದೆ ಧಸಕ್ಕಂತು. ಆಮೇಲೆ ಗೊತ್ತಾಯಿತು, ಇಂಗ್ಲೆಂಡಿನವರಿಗೂ ಆ ಪದ ಹೊಸದೇ.

2020ರ ಮಾರ್ಚ್ 20, ಶುಕ್ರವಾರ. ಶನಿವಾರದ ಗಿರಾಕಿಗಳಿಗೆ ಅಂತ ಮಧ್ಯಾಹ್ನವೇ ಇಪ್ಪತ್ತು ಕೆಜಿ ದೋಸೆ ಹಿಟ್ಟು ರುಬ್ಬಿಟ್ಟಿದ್ದೆ. ಸಂಜೆ ಪ್ರಧಾನಿ ಬೋರಿಸ್ ಜಾನ್ಸನ್ ಟಿವಿಯಲ್ಲಿ ಬಂದು ಪಬ್, ಹೋಟೆಲ್ ಎಲ್ಲಾ ಇವತ್ತು ರಾತ್ರಿಯಿಂದಲೇ ಬಂದ್ ಅಂದರು. ಪಾರ್ಸೆಲ್ ಕೊಡಬಹುದಿತ್ತು. ಆದರೆ ಅದಕ್ಕೆ ಯಜಮಾನರು, ಅವರ ಮಗ ಇಬ್ಬರೇ ಸಾಕು. ಹಿಟ್ಟನ್ನು ಡಬ್ಬಿಗಳಿಗೆ ತುಂಬಿ ಬೀದಿಗೆಲ್ಲ ಹಂಚಿದೆವು. ಪಕ್ಕದ ಮನೆಯ ಗುಜರಾತಿ ಅಜ್ಜಿ ಅದರಲ್ಲಿ ಏನೋ ಢೋಕ್ಲಾ ತರಹದ್ದು ಮಾಡಿ ನಮಗೇ ವಾಪಸ್ ಕಳಿಸಿದರು.

ಅದೇ ಸಂಜೆ ಹಣಕಾಸು ಮಂತ್ರಿ ರಿಷಿ ಸುನಕ್ ಕೂಡ ಮಾತಾಡಿದರು. ಆ ಕುರ್ಚಿಯಲ್ಲಿ ಕೂತು ಅವರಿಗೆ ಐದು ವಾರ ಆಗಿತ್ತು ಅಷ್ಟೇ. ಕೆಲಸದಿಂದ ತೆಗೆಯಬೇಡಿ, ಸಂಬಳದಲ್ಲಿ ಶೇ. 80 ನಾವು ಕೊಡುತ್ತೇವೆ, ತಿಂಗಳಿಗೆ 2,500 ಪೌಂಡ್‌ವರೆಗೆ, ಅಂದರು. ಆಗಿನ ಲೆಕ್ಕದಲ್ಲಿ ಎರಡು ಲಕ್ಷ ರೂಪಾಯಿ ಮೀರುತ್ತದೆ. ನಾರಾಯಣಮೂರ್ತಿಯವರ ಅಳಿಯ ಅಂತ ಮಾತ್ರ ಗೊತ್ತಿದ್ದ ಮನುಷ್ಯ ಆ ರಾತ್ರಿ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ "ನಮ್ಮ ಅಳಿಯ" ಆಗಿಬಿಟ್ಟರು!

ನನ್ನ ಸಂಬಳ 1,600 ಪೌಂಡ್. ಶೇ. 80 ಅಂದರೆ 1,280. ಹೆಂಡತಿ ಓದಲು ಬಂದವಳು, ನಾನು ಅವಳ ಡಿಪೆಂಡೆಂಟ್ ವೀಸಾದಲ್ಲಿ ಬಂದವನು. ಅವಳ ಫೀಸಿಗೆ ಊರಿನ ಸೊಸೈಟಿಯಲ್ಲಿ ಸಾಲ ಇತ್ತು. ನಮ್ಮಂಥವರ ವೀಸಾ ಕಾರ್ಡಿನ ಮೇಲೆ ಆಗ ಒಂದು ಸಾಲು ಅಚ್ಚಾಗಿರುತ್ತಿತ್ತು: ಸರ್ಕಾರದ ಭತ್ಯೆ ಯಾವುದೂ ಇವರಿಗಿಲ್ಲ. ನಿರುದ್ಯೋಗ ಭತ್ಯೆ ಇಲ್ಲ, ಬಾಡಿಗೆಗೆ ಸಹಾಯ ಇಲ್ಲ. ಕೆಲಸ ಹೋದರೆ ನಾವು ಬೀದಿಗೇ. ಆದರೆ ಫರ್ಲೋ ದುಡ್ಡನ್ನು ಆ ಭತ್ಯೆಗಳ ಲೆಕ್ಕಕ್ಕೆ ಸೇರಿಸಲಿಲ್ಲ, ಯಾಕೆಂದರೆ ಅದು ಬರುತ್ತಿದ್ದದ್ದು ಸಂಬಳವಾಗಿ, ಯಜಮಾನರ ಕೈಯಿಂದ. ಈ ಯೋಜನೆಯನ್ನು ಬೈಯುವ ತುಂಬ ಜನರಿಗೆ ಈ ವಿಷಯವೇ ಗೊತ್ತಿಲ್ಲ. ಸರ್ಕಾರ ಮಾಲೀಕನಿಗೆ ಯಾಕೆ ಕೊಟ್ಟಿತು, ನೇರ ಜನರಿಗೇ ಕೊಡಬಹುದಿತ್ತಲ್ಲ ಅನ್ನುತ್ತಾರೆ. ನೇರ ಕೊಟ್ಟಿದ್ದರೆ ನನ್ನ ಕಾರ್ಡು ನೋಡಿ ನನ್ನನ್ನು ಹೊರಗಿಡುತ್ತಿದ್ದರು.

ಇನ್ನೊಂದು, ಬೇಗ ಬಂತು. ಏಪ್ರಿಲ್ 20ಕ್ಕೆ ತೆರಿಗೆ ಇಲಾಖೆಯ ವೆಬ್‌ಸೈಟ್ ತೆರೆಯಿತು. ಯಜಮಾನರು ನಮ್ಮ ಐದು ಜನರ ವಿವರ ತುಂಬಿದರು, ಒಂದು ವಾರದಲ್ಲಿ ದುಡ್ಡು ಬಂತು. ಇಷ್ಟು ಅವಸರದಲ್ಲಿ ಹಂಚಿದರೆ ಕಳ್ಳರೂ ನುಗ್ಗುತ್ತಾರೆ, ನುಗ್ಗಿದರು. ಶೇ. 5ರಿಂದ 10ರಷ್ಟು ತಪ್ಪಾಗಿಯೋ ಮೋಸದಿಂದಲೋ ಹೋಗಿರಬಹುದು ಅಂತ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತೆರಿಗೆ ಇಲಾಖೆಯೇ ಒಪ್ಪಿಕೊಂಡಿತು. ಪ್ರತಿಯೊಬ್ಬರನ್ನೂ ಸೋಸಿ ಕೊಡುತ್ತೇವೆ ಅಂತ ಕೂತಿದ್ದರೆ ನನಗೆ ಬರುವಷ್ಟರಲ್ಲಿ ದೀಪಾವಳಿ ಆಗಿರುತ್ತಿತ್ತು.

ಲೆಸ್ಟರ್ ಕಥೆ ಬೇರೆಯೇ. ಜುಲೈ 4ಕ್ಕೆ ಇಡೀ ಇಂಗ್ಲೆಂಡಿನ ಹೋಟೆಲುಗಳು ತೆರೆದವು, ನಮ್ಮ ಊರನ್ನು ಮಾತ್ರ ಮತ್ತೆ ಮುಚ್ಚಿದರು. ದೇಶದಲ್ಲೇ ಮೊದಲ ಸ್ಥಳೀಯ ಲಾಕ್‌ಡೌನ್ ನಮ್ಮದು. ಆಗಸ್ಟ್ 3ಕ್ಕೆ ಬಾಗಿಲು ತೆರೆದಾಗ ಐದೂ ಜನ ವಾಪಸ್ ಬಂದೆವು. ಹೊಸಬರನ್ನು ಹುಡುಕುವುದು, ಕಲಿಸುವುದು ಏನೂ ಇಲ್ಲ. ಕಾವಲಿ ತೊಳೆದೆ, ಈರುಳ್ಳಿ ಉಜ್ಜಿದೆ, ದೋಸೆ ಹುಯ್ದೆ. ಅಮೆರಿಕದಲ್ಲಿ ಜನರನ್ನು ಕೆಲಸದಿಂದ ಬಿಟ್ಟು ಕೈಗೆ ಚೆಕ್ ಕೊಟ್ಟರು. ಅಲ್ಲಿ ಏಪ್ರಿಲ್‌ನಲ್ಲಿ ನಿರುದ್ಯೋಗ ಶೇ. 14 ದಾಟಿತ್ತು. ಬ್ರಿಟನ್ನಿನಲ್ಲಿ ಶೇ. 12ಕ್ಕೆ ಹೋಗಬಹುದು ಅಂತ ಒಂದು ಹಂತದಲ್ಲಿ ಅಂದಾಜಿತ್ತು, ಐದರ ಆಸುಪಾಸಿನಲ್ಲೇ ನಿಂತಿತು.

ಮನೆಯಲ್ಲೇ ಇರಿ ಅಂತ ಹೇಳುವುದು ಸುಲಭ. ಹೊಟ್ಟೆಗೆ ಇಲ್ಲದವನು ಇರುತ್ತಾನಾ? ಕುಂದಾಪುರದಲ್ಲಿ ಆಟೊ ಓಡಿಸುವ ನನ್ನ ತಮ್ಮನಂಥವರಿಗೆ 2020ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಘೋಷಿಸಿದ್ದು ಒಂದು ಸಲದ 5,000 ರೂಪಾಯಿ. ಅವನು ಪೊಲೀಸರ ಕಣ್ಣು ತಪ್ಪಿಸಿ ಆಟೊ ತೆಗೆಯುತ್ತಿದ್ದ. ನಾನು ಮನೆಯಲ್ಲಿ ಕೂತಿದ್ದೆ. ನಾನು ಅವನಿಗಿಂತ ಒಳ್ಳೆಯವನು ಅಂತಲ್ಲ, ತಿಂಗಳ ಕೊನೆಗೆ 1,280 ಪೌಂಡ್ ಬರುತ್ತಿತ್ತು. ಡಿಸೆಂಬರ್ 8ಕ್ಕೆ ಕೊವೆಂಟ್ರಿಯಲ್ಲಿ 90 ವರ್ಷದ ಅಜ್ಜಿಗೆ ಮೊದಲ ಲಸಿಕೆ ಹಾಕಿದರು. ಅಲ್ಲಿಯವರೆಗೆ ಜನರನ್ನು ಹಿಡಿದಿಟ್ಟದ್ದು ಈ ದುಡ್ಡೇ ಅಂತ ನಾನು ನಂಬಿದ್ದೇನೆ.

ವಿರೋಧ: ದುಡಿದವರಿಗೆ ಏನು ಕೊಟ್ಟಿರಿ?

ಅಣ್ಣ ಬರೆದದ್ದರಲ್ಲಿ ಸುಳ್ಳಿಲ್ಲ. ಅವರ ದೋಸೆ ಹಿಟ್ಟಿನ ಒಂದು ಡಬ್ಬಿ ನಮ್ಮ ಮನೆಗೂ ಬಂದಿತ್ತು. ಆದರೆ ಅವರು ಆ ವರ್ಷವನ್ನು ನೋಡಿದ್ದು ಕಿಟಕಿಯ ಒಳಗಿನಿಂದ. ನಾನು ಬೆಳಿಗ್ಗೆ ಆರೂವರೆಯ ಬಸ್ಸಿನಲ್ಲಿ ಹೋಗುತ್ತಿದ್ದೆ, ಇಡೀ ಬಸ್ಸಿಗೆ ನಾನು, ಡ್ರೈವರ್, ಒಬ್ಬ ಕ್ಲೀನರ್.

ನಮ್ಮ ಕೇರ್ ಹೋಮ್‌ನಲ್ಲಿ ಮೂವತ್ತೆರಡು ಜನ ಅಜ್ಜ ಅಜ್ಜಿಯರಿದ್ದರು. ಆ ಮಾರ್ಚ್, ಏಪ್ರಿಲ್‌ನಲ್ಲಿ ಆಸ್ಪತ್ರೆಗಳಲ್ಲಿ ಹಾಸಿಗೆ ಖಾಲಿ ಮಾಡಬೇಕು ಅಂತ ಒಂದು ತಿಂಗಳಲ್ಲಿ ದೇಶದಾದ್ಯಂತ 25,000 ಜನರನ್ನು ಕೇರ್ ಹೋಮ್‌ಗಳಿಗೆ ಕಳಿಸಿದರು. ಎಲ್ಲರಿಗೂ ಟೆಸ್ಟ್ ಆಗಿರಲಿಲ್ಲ. ಆ ನೀತಿ ಕಾನೂನಿಗೆ ವಿರುದ್ಧವಾಗಿತ್ತು ಅಂತ ಹೈಕೋರ್ಟ್ 2022ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು. ಎರಡು ವರ್ಷ ಆದ ಮೇಲೆ. ನಮ್ಮಲ್ಲಿ ಒಂಬತ್ತು ಕೋಣೆ ಖಾಲಿಯಾದವು. ಅದರ ಬಗ್ಗೆ ಇಲ್ಲಿ ಜಾಸ್ತಿ ಬರೆಯಲ್ಲ.

ಏಪ್ರಿಲ್ ಎರಡನೇ ವಾರ ನನಗೂ ಜ್ವರ ಬಂತು. ವಾಸನೆ ಹೋಯಿತು, ಒಗ್ಗರಣೆ ಸೀದದ್ದೂ ಗೊತ್ತಾಗಲಿಲ್ಲ. ಮನೆಯಲ್ಲಿರು ಅಂದರು, ಇದ್ದೆ. ನನ್ನದು ಕರೆದಾಗ ಹೋಗುವ ಕೆಲಸ, ದುಡಿದ ಗಂಟೆಗಷ್ಟೇ ಸಂಬಳ. ಕಾಯಿಲೆ ರಜೆಗೆ ಕಾನೂನು ಪ್ರಕಾರ ಸಿಗುತ್ತಿದ್ದದ್ದು ವಾರಕ್ಕೆ 95 ಪೌಂಡ್ 85 ಪೆನ್ಸ್. ಈಗ ಲೆಕ್ಕ ಹಾಕಿ. ಆರೋಗ್ಯವಾಗಿದ್ದು ಮನೆಯಲ್ಲಿ ಕೂತ ಅಣ್ಣನಿಗೆ ವಾರಕ್ಕೆ ಮುನ್ನೂರು ಪೌಂಡ್ ಹತ್ತಿರ. ಸೋಂಕು ಹಿಡಿದು ಮನೆಯಲ್ಲಿ ಮಲಗಿದ ನನಗೆ ಅದರ ಮೂರನೇ ಒಂದು ಪಾಲು. ರೋಗ ಹರಡಬಾರದು ಅನ್ನುವುದೇ ಉದ್ದೇಶ ಆಗಿದ್ದರೆ ಮೊದಲು ದುಡ್ಡು ಹಾಕಬೇಕಾದದ್ದು ಎಲ್ಲಿಗೆ? ಜ್ವರ ಮುಚ್ಚಿಟ್ಟುಕೊಂಡು, ಪ್ಯಾರಸಿಟಮಾಲ್ ನುಂಗಿ ಕೆಲಸಕ್ಕೆ ಬಂದವರನ್ನು ನಾನು ನೋಡಿದ್ದೇನೆ. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಬಡವರು ಮನೆಯಲ್ಲಿ ಉಳಿಯಲಿ ಅಂತ 500 ಪೌಂಡ್ ಕೊಡುವ ಯೋಜನೆ ಬಂದದ್ದು ಸೆಪ್ಟೆಂಬರ್ 28ಕ್ಕೆ. ಅದಕ್ಕಿಂತ ಮೊದಲು, ಆಗಸ್ಟ್‌ನಲ್ಲಿ, ಹೋಟೆಲಿಗೆ ಹೋಗಿ ಅರ್ಧ ಬೆಲೆಗೆ ಊಟ ಮಾಡಿ ಅಂತ ಸರ್ಕಾರ 84 ಕೋಟಿ ಪೌಂಡಿಗೂ ಜಾಸ್ತಿ ಸುರಿದಿತ್ತು. ಅಣ್ಣನ ಮಸಾಲೆ ದೋಸೆಗೂ ಆಗ ಕ್ಯೂ ಇತ್ತು, ಕೇಳಿ ನೋಡಿ.

ನಮ್ಮ ಮನೆಯವರು ಟ್ಯಾಕ್ಸಿ ಓಡಿಸುತ್ತಾರೆ. ಶುರು ಮಾಡಿದ್ದು 2019ರ ಮೇ ತಿಂಗಳಲ್ಲಿ. ಸ್ವಂತ ದುಡಿಮೆಯವರಿಗೂ ಸರ್ಕಾರದ ಯೋಜನೆ ಇತ್ತು, ನಿಜ. ಆದರೆ ಅದಕ್ಕೆ 2018-19ರ ತೆರಿಗೆ ಲೆಕ್ಕ ಬೇಕು. ಆಗಿನ್ನೂ ಟ್ಯಾಕ್ಸಿಯೇ ಇಲ್ಲದವರು ಯಾವ ಲೆಕ್ಕ ತೋರಿಸುವುದು? ಹೀಗೆ ಒಂದಲ್ಲ ಒಂದು ನೆಪದಲ್ಲಿ ಯೋಜನೆಗಳ ಹೊರಗುಳಿದವರು 29 ಲಕ್ಷದವರೆಗೆ ಇರಬಹುದು ಅಂತ ಸರ್ಕಾರದ ಖರ್ಚು ತಪಾಸಣೆ ಮಾಡುವ ಲೆಕ್ಕಪರಿಶೋಧಕರೇ ಹೇಳಿದರು. ನಮ್ಮವರಂಥ ಹೊಸಬರಿಗೆ ಬಾಗಿಲು ತೆರೆದದ್ದು 2021ರ ಮಾರ್ಚ್ ಬಜೆಟ್‌ನಲ್ಲಿ. ಒಂದು ವರ್ಷ ಟ್ಯಾಕ್ಸಿ ಮನೆ ಮುಂದೆ ನಿಂತಿತ್ತು, ಗಾಜಿನ ಮೇಲೆ ಪಾಚಿ ಬಂದಿತ್ತು. ಅದರ ವಿಮೆ ಕಂತು ಮಾತ್ರ ಒಂದು ತಿಂಗಳೂ ತಪ್ಪಲಿಲ್ಲ.

ಮಾಲೀಕರ ಕೈಯಿಂದ ಬಂದದ್ದೇ ಒಳ್ಳೆಯದಾಯಿತು ಅನ್ನುತ್ತಾರೆ ಅಣ್ಣ. ಅವರ ಯಜಮಾನರು ಒಳ್ಳೆಯವರು, ಸರಿ. ನನ್ನ ಪರಿಚಯದ ಹುಡುಗಿ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಅವಳನ್ನು ಕಾಗದದ ಮೇಲೆ ಫರ್ಲೋದಲ್ಲಿಟ್ಟು ಮೆಷಿನ್ ಮುಂದೆ ಕೂರಿಸಿದ್ದರು. ಸರ್ಕಾರದ ದುಡ್ಡು ಅವರಿಗೆ, ಇವಳ ದುಡಿಮೆಯೂ ಅವರಿಗೆ. ದೂರು ಕೊಡು ಅಂದೆ. "ಅಕ್ಕಾ, ಕೆಲಸ ಹೋದ್ರೆ ನೀವು ಕೊಡ್ತೀರಾ?" ಅಂದಳು.

ಎಲ್ಲಕ್ಕಿಂತ ನನಗೆ ಸಿಟ್ಟು ಬಂದದ್ದು 2020ರ ಅಕ್ಟೋಬರ್‌ನಲ್ಲಿ. ಉತ್ತರ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆ ಪಬ್‌ಗಳನ್ನು ಮುಚ್ಚಬೇಕು ಅಂದರು. ಆಗ ಕೆಲಸಗಾರರಿಗೆ ಸಂಬಳದ ಮೂರನೇ ಎರಡು ಪಾಲು ಮಾತ್ರ ಅಂದರು. ಮೇಯರ್ ಆ್ಯಂಡಿ ಬರ್ನ್‌ಹ್ಯಾಮ್ ಮೊದಲಿನಂತೆ ಶೇ. 80 ಕೊಡಿ ಅಂತ ಪಟ್ಟು ಹಿಡಿದರು. ಖಜಾನೆಯಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಚೌಕಾಸಿ ನಡೆದು, 20ನೇ ತಾರೀಖು ಮಾತುಕತೆ ಮುರಿದುಬಿತ್ತು. ಅದಾಗಿ ಹನ್ನೊಂದನೇ ದಿನ, 31ಕ್ಕೆ, ಲಂಡನ್ ಸೇರಿ ಇಡೀ ಇಂಗ್ಲೆಂಡ್ ಬಂದ್ ಅಂತ ಘೋಷಿಸಿದರು. ಶೇ. 80 ಅದೇ ದಿನ ವಾಪಸ್ ಬಂತು! ದುಡ್ಡು ಇತ್ತು ಹಾಗಾದರೆ. ಉತ್ತರದವರಿಗೆ ಇರಲಿಲ್ಲ ಅಷ್ಟೇ. ಅದೂ ಅಲ್ಲದೆ ಫರ್ಲೋ ಮುಗಿಯಬೇಕಿದ್ದ ದಿನವೇ ಹೀಗೆ ಬೆಳೆಸಿದ್ದು. ಇನ್ನು ಸಂಬಳ ಬರಲ್ಲ ಅಂತ ಅಷ್ಟರಲ್ಲೇ ಎಷ್ಟೋ ಮಾಲೀಕರು ಜನರನ್ನು ತೆಗೆದಾಗಿತ್ತು.

ಲಸಿಕೆಯ ವಿಷಯ ಅಣ್ಣ ಒಂದು ಸಾಲಿನಲ್ಲಿ ಮುಗಿಸಿದರು. ನಾನು 2021ರ ಜನವರಿಯಲ್ಲೇ ಹಾಕಿಸಿಕೊಂಡೆ, ಊರಿನಲ್ಲಿ ಕೋವಿಶೀಲ್ಡ್ ಅಂತ ಕೊಟ್ಟದ್ದು ಅದನ್ನೇ. ಹಾಕಿಸಿಕೊಳ್ಳಿ ಅಂತ ಎಲ್ಲರಿಗೂ ಹೇಳಿದೆ. ನನ್ನ ಜೊತೆ ರಾತ್ರಿ ಪಾಳಿ ಮಾಡುತ್ತಿದ್ದವಳು ಮಾತ್ರ ಹೆದರಿದಳು. ಹನ್ನೊಂದು ವರ್ಷ ಅಲ್ಲೇ ದುಡಿದವಳು. ಮೊದಲ ಅಲೆಯಲ್ಲಿ ಮಾಸ್ಕ್ ಸಾಲದೆ ಒಂದನ್ನೇ ದಿನವಿಡೀ ಹಾಕಿಕೊಂಡು ಅಜ್ಜಿಯರ ಬಾಯಿಗೆ ಅನ್ನ ಇಟ್ಟವಳು. ಫರ್ಲೋ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ನವೆಂಬರ್ 11ರಿಂದ ಇಂಗ್ಲೆಂಡಿನ ಕೇರ್ ಹೋಮ್‌ಗಳಲ್ಲಿ ಲಸಿಕೆ ಇಲ್ಲದವರಿಗೆ ಕೆಲಸ ಇಲ್ಲ ಅಂತ ಕಾನೂನು ಬಂತು. ಅವಳಿಗೆ ಶೇ. 80 ಕೂಡ ಇಲ್ಲ, ಶೇ. 8 ಕೂಡ ಇಲ್ಲ. ಆಸ್ಪತ್ರೆಯವರಿಗೂ ಅದೇ ಕಾನೂನು ತರುತ್ತೇವೆ ಅಂದರು, ನರ್ಸ್‌ಗಳ ಕೊರತೆ ಆಗುತ್ತದೆ ಅಂತ ಗೊತ್ತಾದಾಗ ಜನವರಿ ಕೊನೆಗೆ ಹಿಂದೆ ಸರಿದರು. 2022ರ ಮಾರ್ಚ್ 15ಕ್ಕೆ ನಮ್ಮ ಕಾನೂನೂ ಹೋಯಿತು. ನಾಲ್ಕು ತಿಂಗಳಿಗೆ.

ಆ ವಾರವೇ ಮ್ಯಾನೇಜರ್ ನನ್ನ ಎದುರಿಗೇ ಅವಳಿಗೆ ಫೋನ್ ಮಾಡಿ ವಾಪಸ್ ಬಾ ಅಂದರು, ಸ್ಪೀಕರ್ ಹಾಕಿ. ಅವಳು ಅಷ್ಟರಲ್ಲಿ ಊರ ಹೊರಗಿನ ಗೋದಾಮು ಸೇರಿದ್ದಳು. ಹಿಂದೆ ಪೆಟ್ಟಿಗೆ ಉರುಳುವ ಸದ್ದು ಕೇಳುತ್ತಿತ್ತು. ಇಲ್ಲಿ ಗಂಟೆಗೆ ಒಂದು ಪೌಂಡ್ ಜಾಸ್ತಿ, ಬರಲ್ಲ, ಅಂದಳು. ಆಮೇಲೆ ಮೂರನೇ ಕೋಣೆಯ ಅಜ್ಜಿ ಹೇಗಿದ್ದಾರೆ ಅಂತ ಕೇಳಿದಳು.